ಕಲ್ಲಿಗೆ ಎದೆಯಿಲ್ಲ

ಕೋಡಿಹಾಳದ ಗರಡಿಯವರು ಮನುಷ್ಯನ ಮೈಯನ್ನು ಕಲ್ಲಿನಿಂದ ಅಳೆಯುತ್ತಿದ್ದರು. ಇದು ತಪ್ಪು. ಬಾಗಿಲ ಬಳಿಯ ಗುಂಡುಕಲ್ಲನ್ನು ಹೆಗಲಿಗೇರಿಸಿದವನು ಗಟ್ಟಿ, ಏರಿಸಲಾಗದವನು ಕೆಲಸಕ್ಕೆ ಬಾರದವನು. ಮಠದ ಪಲ್ಲಕ್ಕಿ ಹೊರುವ ಹಕ್ಕು ಗಟ್ಟಿಯಾದವನಿಗೆ ಮಾತ್ರ.

ಪೂಜ್ಯ ಮೌನಲಿಂಗಜ್ಜನವರು ಆಗ ಗರಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ವಾಸವಾಗಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಅಷ್ಟೇ ಅವರ ಸಂಸಾರ. ಅಲ್ಲಿಗೆ ನೇಕಾರ ಭೀಮಶಿ ಅಳುತ್ತ ಬಂದ. ಟೈಫಾಯಿಡ್ ಜ್ವರದಿಂದ ಎದ್ದ ಮೈ. ತೀರಿಹೋದ ಅಪ್ಪ ಹೆಗಲು ಕೊಡುತ್ತಿದ್ದ ಪಲ್ಲಕ್ಕಿಗೆ ತಾನೂ ಹೆಗಲು ಕೊಡಬೇಕೆಂದು ಕೇಳಿದ್ದಕ್ಕೆ, ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದಿ ಯಮನಪ್ಪ ನಾಲ್ಕು ಜನರ ಮುಂದೆ ನಕ್ಕಿದ್ದ: "ನಿನ್ನ ಮಗ್ಗದ ನೂಲಿನಾಗ ಇದ್ದಷ್ಟೂ ಕಸುವು ನಿನ್ನ ಮೈಯಾಗ ಇಲ್ಲಲೇ."

ಅಜ್ಜನವರು ಭೀಮಶಿಯ ಕೈ ಹಿಡಿದು ಗರಡಿಗೆ ನಡೆದರು. ಅವರನ್ನು ಕಂಡದ್ದೇ ಯಮನಪ್ಪ ಗಟ್ಟಿತನವೆಂದರೇನೆಂದು ತೋರಿಸಲು ಕಲ್ಲನ್ನೆತ್ತಿ ಹೆಗಲಿಗೇರಿಸಿದ. ಹುಡುಗರು ಸಿಳ್ಳೆ ಹೊಡೆದರು. ಅಜ್ಜನವರು ಕಲ್ಲನ್ನು ನೋಡಲಿಲ್ಲ. ಅವನ ಮುಖ ನೋಡಿ, ನಮ್ಮ ಕಡೆಯವರು ಎದುರಾದಾಗಲೆಲ್ಲ ಕೇಳುವ ಮಾತನ್ನೇ ಕೇಳಿದರು.

"ಆರಾಮ ಅದಿಯೇನು, ಯಮನಾ?"

"ಆರಾಮ ಅದೀನ್ರಿ" ಎಂಬ ಉತ್ತರ ಇಲ್ಲಿ ಸಾಯುವವನ ಬಾಯಲ್ಲೂ ತಾನಾಗಿ ಬರುತ್ತದೆ. ಯಮನಪ್ಪನ ಬಾಯಲ್ಲಿ ಬರಲಿಲ್ಲ. ತುಟಿ ಕಪ್ಪಿಟ್ಟಿತ್ತು. ಕಲ್ಲು ಜಾರಿ ಬಿತ್ತು, ಅವನೂ ಕುಸಿದ. ಭೀಮಶಿಯೇ ಓಡಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.

"ಇಲ್ರಿ ಅಜ್ಜಾರ," ಅಂದ ವಸ್ತಾದಿ. "ಉಗಾದಿಯಿಂದ ಎದಿ ಹಿಂಡತೈತ್ರಿ."

ಸಿಳ್ಳೆ ನಿಂತಿತು. ಇಡೀ ಊರಿಗೆ ಗಟ್ಟಿತನದ ಅಳತೆಯಾಗಿದ್ದವನು ತಿಂಗಳುಗಟ್ಟಲೆ ಸಾವನ್ನು ಹೊತ್ತು ತಿರುಗುತ್ತಿದ್ದ! ಯಾಕೆ ಹೇಳಲಿಲ್ಲವೆಂದು ಕೇಳಿದರೆ, ಹೇಳಿದ್ದರೆ ತನ್ನನ್ನು ವಸ್ತಾದಿ ಎಂದು ಯಾರು ಕರೆಯುತ್ತಿದ್ದರು ಎಂದ.

ಅಜ್ಜನವರು ಅವನ ಎದೆಯ ಮೇಲೆ ಅಂಗೈಯಿಟ್ಟರು. "ಕಲ್ಲಿಗೆ ಎದಿ ಇಲ್ಲಪ್ಪಾ. ಅದು ನಿನ್ನ ಹೆಂಗ ಅಳಿತೈತಿ?"

ಟೆಂಪೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಇನ್ನೊಮ್ಮೆ ಕಲ್ಲು ಎತ್ತಿದ್ದರೆ ನೀವು ಹೆಣ ಎತ್ತಬೇಕಾಗುತ್ತಿತ್ತು ಎಂದು ಡಾಕ್ಟರು ಬೈದರು.

ಆ ವರ್ಷ ಪಲ್ಲಕ್ಕಿಗೆ ಭೀಮಶಿ ಹೆಗಲು ಕೊಟ್ಟ. ಪಕ್ಕದಲ್ಲೇ ಯಮನಪ್ಪ ಬರಿಗೈಯಲ್ಲಿ ನಡೆಯುತ್ತ ಒಬ್ಬೊಬ್ಬರನ್ನೂ ಆರಾಮವೇ ಎಂದು ಕೇಳುತ್ತಿದ್ದ. ಭೀಮಶಿ ಊರ ಅಗಸಿ ಬಾಗಿಲ ಹತ್ತಿರ "ಇಲ್ಲಣ್ಣ, ದಣಿದೆ" ಅಂದ. ಹೆಗಲು ಬದಲಾಯಿತು. ಯಾರೂ ನಗಲಿಲ್ಲ.

ನಿಮ್ಮ ಊರಿನ ಗರಡಿಯ ಬಾಗಿಲಲ್ಲೂ ಅಂಥದೊಂದು ಕಲ್ಲಿದೆ. ಇವತ್ತೇ ಹೋಗಿ ಅದನ್ನು ಉರುಳಿಸಿ. ಅಲ್ಲಿ ನಿಂತವನನ್ನು ಆರಾಮವೇ ಎಂದು ಕೇಳಿ, ಅವನು ನಿಜ ಹೇಳುವವರೆಗೆ ಕದಲಬೇಡಿ.