ಗರಿ ಕಟ್ಟುವ ಮನೆಯ ಮೂರು ಹತಾರ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ತಾಯಿಯ ತಾಯಿ ಹೊನ್ನೂರವ್ವ. ದೇವರ ಮುಂದಿನ ದೀಪಕ್ಕೆ ಕೈ ಮುಗಿದು, ಬತ್ತಿ ಸಣ್ಣಗೆ ಮಾಡಿ, ನನ್ನ ಪಕ್ಕಕ್ಕೆ ಕಂಬಳಿ ಎಳೆದುಕೊಂಡು ಹೇಳುತ್ತಿದ್ದರು. ಅವರ ಬಾಯಲ್ಲಿ ಬಂದ ಹಾಗೇ ಬರೆಯಲು ನೋಡಿದ್ದೇನೆ.

ಕಣ್ಣು ಮುಚ್ಚಿಕೋ ಮಗ, ಆದರೆ ಹೂಂ ಅನ್ನುತ್ತಿರು. ಒಂದಾನೊಂದು ಕಾಲದಲ್ಲಿ, ಗುಡ್ಡಗುಡ್ಡಕ್ಕೂ ಕೋಟೆ ಇದ್ದ ಕಾಲದಲ್ಲಿ, ಒಂದು ಬೇಡರ ಹಟ್ಟಿ ಇತ್ತಂತೆ. ಆ ಹಟ್ಟಿಯಲ್ಲಿ ಪಾಪನಾಯಕ ಅಂತ ಬಾಣ ಮಾಡುವವನೊಬ್ಬ ಇದ್ದನಂತೆ. ಅವನು ಗರಿ ಕಟ್ಟಿದ ಬಾಣ ಬಿಟ್ಟರೆ ಗಾಳಿಗೂ ಗೊತ್ತಾಗದ ಹಾಗೆ ಹೋಗಿ ನಾಟುತ್ತಿತ್ತಂತೆ. ಕೋಟೆಯ ದೊರೆ ಮೆಚ್ಚಿ, ಹಳ್ಳದ ದಂಡೆಯ ಎರೆಹೊಲ ಒಂದನ್ನು ಅವನಿಗೆ ಉಂಬಳಿ ಬಿಟ್ಟನಂತೆ. ಈ ಮನೆಯ ಬಾಣ ನೆಟ್ಟಗೆ ಹೋಗುವ ತನಕ ಹೊಲ ಈ ಮನೆಯದು, ಸೊಟ್ಟಗೆ ಹೋದರೆ ಹೊಲ ಬೇರೆಯವರದು ಅಂತ ಮಾತು. ಆ ಹೊಲ ಬಿಟ್ಟರೆ ಆ ಮನೆಗೆ ಇನ್ನೊಂದು ತುತ್ತಿಗೆ ದಾರಿ ಇರಲಿಲ್ಲವಂತೆ.

ಪಾಪನಾಯಕನ ಹೆಂಡತಿ ಗಾದ್ರವ್ವ. ಮಕ್ಕಳು ಮೂವರು, ಸೂರ, ಬೊಮ್ಮ, ಓಬಳ. ಆಮೇಲೆ ಪಾಪನಾಯಕನಿಗೆ ವಯಸ್ಸಾಯಿತಂತೆ, ಹಾಸಿಗೆ ಹಿಡಿದನಂತೆ. ಮಕ್ಕಳನ್ನು ಕರೆದು, ನನ್ನ ಹತಾರದ ಬುಟ್ಟಿ ಅಟ್ಟದ ಮೇಲೈತೆ, ನಿಮ್ಮ ನಿಮ್ಮ ಬಾಣ ನೀವೇ ಕಟ್ಟಿಕೊಳ್ಳಿ, ಹತಾರ ಆರಿಸುವಾಗ ಮಾತ್ರ ಅವಸರ ಮಾಡಬೇಡ್ರೋ, ಮನೆಯೆಲ್ಲ ನೋಡಿ ಆರಿಸ್ರೋ ಅಂದನಂತೆ. ಇನ್ನೇನೋ ಹೇಳಲು ಬಾಯಿ ತೆರೆದ, ಆದರೆ ಕೆಮ್ಮು ಬಂತು. ಅಷ್ಟಕ್ಕೇ ಪ್ರಾಣ ಹೋಯಿತಂತೆ, ಶಿವನ ಪಾದ ಸೇರಿದ.

ದಿನಕರ್ಮ ಎಲ್ಲ ಮುಗಿದ ಮೇಲೆ ಅಣ್ಣತಮ್ಮಂದಿರು ಬುಟ್ಟಿ ಇಳಿಸಿ ನಡುಮನೆಯಲ್ಲಿ ಸುರಿದರಂತೆ. ಹಿರಿಯ ಅಂತ ಸೂರನೇ ಮೊದಲು ಕೈ ಹಾಕಿದನಂತೆ. ಗರಿ ಸೀಳೋ ಚೂರಿ ನಂದು, ಚೂರಿ ಹರಿತ ಇದ್ದರೆ ಬಾಣ ತಾನಾಗಿ ಆಗುತ್ತೆ ಅಂತ ಎತ್ತಿಕೊಂಡ. ಬೊಮ್ಮ ನಕ್ಕು, ಕಡ್ಡಿ ಡೊಂಕಿದ್ದರೆ ನಿನ್ನ ಚೂರಿ ತಗೊಂಡು ಈರುಳ್ಳಿ ಹೆಚ್ಚಬೇಕಣ್ಣ ಅಂದು, ಬಿಸಿ ಕಡ್ಡಿಯನ್ನು ತಿಕ್ಕಿ ನೆಟ್ಟಗೆ ಮಾಡುವ ಗೀರುಗಲ್ಲು ಎತ್ತಿಕೊಂಡ. ಓಬಳ ಅರಗಿನ ಕುಡಿಕೆಯನ್ನು ಎದೆಗೆ ಅವಚಿಕೊಂಡು, ಅಂಟೇ ಇಲ್ಲದಿದ್ರೆ ನಿಮ್ಮ ಗರಿ ಕಾಗೆ ಪಾಲು ಅಂದ. ಬುಟ್ಟಿಯ ತಳದಲ್ಲಿ ಗರಿಯ ಬುಡಕ್ಕೆ ಸುತ್ತುವ, ಜಿಂಕೆಯ ಬೆನ್ನಿನ ನರದ ಒಣಕಲು ಸಿವುಡು ಒಂದು ಉಳಿದಿತ್ತಂತೆ. ಅದನ್ನು ಯಾರೂ ಕೇಳಲಿಲ್ಲ.

ಗಾದ್ರವ್ವ ಹೊಸಲ ಹತ್ತಿರ ಕೂತಿದ್ದಳಂತೆ. ನಂದೇನಾದ್ರೂ ಉಳೀತೇನ್ರಪ್ಪಾ ಅಂದಳಂತೆ.

ನಿನಗ್ಯಾಕವ್ವ ಇದೆಲ್ಲ, ಒಲೆ ಮೇಲೆ ಮುದ್ದೆ ಹತ್ತುತೈತೆ ನೋಡು ಹೋಗು, ಅಂದನಂತೆ ಸೂರ. ಬಿರುಸಾಗಿ ಅನ್ನಲಿಲ್ಲ, ನಗುನಗುತ್ತಲೇ ಅಂದ.

ಅವಳು ಎದ್ದು ಹೋಗಿ ಮುದ್ದೆ ಇಳಿಸಿದಳಂತೆ. ಆಮೇಲೆ ಕೆಲವು ದಿನಕ್ಕೆ, ತವರಿಗೆ ಹೋಗಿ ಬರ್ತೀನಿ ಅಂತ ಗುಡ್ಡದ ಆಚೆ ತಮ್ಮನ ಹಟ್ಟಿಗೆ ಹೋದಳಂತೆ. ನಾಲ್ಕು ದಿನ ಇದ್ದು ಬರುತ್ತಾಳೆ ಅಂತ ಸೂರ ಅಂದುಕೊಂಡ. ಮಳೆಗಾಲ ಕಳೆಯಿತು. ಕರೆಯಲು ಹೋಗಬೇಕು ಅಂತ ಅಂದುಕೊಳ್ಳುತ್ತಲೇ ಇದ್ದ, ಹೋಗಲಿಲ್ಲ. ಮೂವರಿಗೂ ಬಾಣದ್ದೇ ಧ್ಯಾನ. ತಮ್ಮ ಪಾಲಿಗೆ ಬರದ ಮಿಕ್ಕ ಹತಾರಗಳನ್ನು ಕಮ್ಮಾರನ ಹತ್ತಿರ, ಕುಂಬಾರನ ಹತ್ತಿರ ಮಾಡಿಸಿಕೊಂಡು ಬೇರೆಬೇರೆ ಮೂಲೆಯಲ್ಲಿ ಕೂತು ಕಟ್ಟಿದ್ದೇ ಕಟ್ಟಿದ್ದು.

ಹೂಂ ಅನ್ನಪ್ಪ. ಆಮೇಲೆ ಮಾನವಮಿ ಹಬ್ಬ ಬಂತಂತೆ. ಬಾಳೆಕಂಬ ನೆಟ್ಟು ಅಂಬು ಹೊಡೆಯುವ ಹಬ್ಬ. ದೊರೆಯ ಪಾರುಪತ್ಯಗಾರ ಛತ್ರಿ ಹಿಡಿಸಿಕೊಂಡು ಬಂದು ಕೂತ, ಕೋಟೆಯ ಬಿಲ್ಲುಗಾರ ಬಿಲ್ಲು ಬಗ್ಗಿಸಿ ನಿಂತ. ಮೊದಲು ಸೂರನ ಬಾಣ. ಅವನು ಗರಿಯನ್ನು ಕತ್ತಾಳೆ ನಾರಲ್ಲಿ ಸುತ್ತಿದ್ದ. ಇಬ್ಬನಿಗೆ ನಾರು ಸಡಿಲಾಗಿತ್ತು, ನಡುದಾರಿಯಲ್ಲೇ ಗರಿ ಕಳಚಿ ಹಾರಿದವಂತೆ. ಏನ್ ಸೂರಣ್ಣ, ಬಾಣ ಕಟ್ಟಿದೆಯೋ ಕೋಳಿ ಪುಕ್ಕ ತರಿದೆಯೋ ಅಂತ ಜನ ನಕ್ಕರಂತೆ. ಆಮೇಲೆ ಬೊಮ್ಮನದು. ಅವನು ನರ ತಂದಿದ್ದ, ಆದರೆ ಮಡಕೆ ನೀರಲ್ಲಿ ನೆನೆಸಿ ಸುತ್ತಿದ್ದ. ನೀರಲ್ಲಿ ನೆಂದ ನರ ಹಿಡಿಯಲೇ ಇಲ್ಲ, ಬಿಚ್ಚಿಕೊಂಡು ಇಲಿ ಬಾಲದ ಹಾಗೆ ನೇತಾಡಿತಂತೆ. ಕೊನೆಗೆ ಓಬಳನದು. ಅರಗು ಮೆತ್ತಿ ಮೆತ್ತಿ ಗರಿ ಅಲ್ಲಾಡದ ಹಾಗೆ ಮಾಡಿದ್ದ, ಸರಿ. ಆದರೆ ಹದ್ದಿನ ಎಡರೆಕ್ಕೆಯದೊಂದು, ಬಲರೆಕ್ಕೆಯದೆರಡು ಕೂಡಿಸಿಬಿಟ್ಟಿದ್ದ. ಎಡದ ಗರಿ ಒಂದು ಕಡೆ ಬಾಗಿರುತ್ತೆ, ಬಲದ್ದು ಇನ್ನೊಂದು ಕಡೆ. ಒಂದೇ ಬಾಣದ ಮೇಲೆ ಎರಡೂ ಕೂತರೆ ಜಗಳ. ಆ ಬಾಣ ಹೆಂಡ ಕುಡಿದವನ ಹಾಗೆ ತೂರಾಡಿಕೊಂಡು ಹೋಗಿ ಪಾರುಪತ್ಯಗಾರನ ಛತ್ರಿಗೆ ನಾಟಿತಂತೆ!

ಬಾಳೆಕಂಬ ಅಲ್ಲೈತೆ, ನಾನಿಲ್ಲಿದ್ದೀನಿ ಕಣ್ರಪ್ಪಾ ಅಂದನಂತೆ ಪಾರುಪತ್ಯಗಾರ. ದೀಪಾವಳಿ ಅಮಾಸೆಗೆ ಒಂದು ಬಾಣವಾದರೂ ನೆಟ್ಟಗೆ ಹೋಗಲಿ, ಇಲ್ಲಾಂದ್ರೆ ಹೊಲದ ಆಸೆ ಬಿಡ್ರಿ, ಅಂತ ಎದ್ದು ಹೋದನಂತೆ.

ಮನೆಗೆ ಬಂದು ಸೂರ ಗೋಡೆಯಲ್ಲಿ ಸಿಕ್ಕಿಸಿದ್ದ ಅಪ್ಪನ ಹಳೇ ಬಾಣವನ್ನು ಇಳಿಸಿಕೊಂಡನಂತೆ. ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದನಂತೆ. ಗರಿಯ ಬುಡದಲ್ಲಿ ಸುತ್ತಿದ ನರದ ಮೇಲೆ ಸಣ್ಣ ಸಣ್ಣ ಕಚ್ಚು. ಇದೇನು, ಚೂರಿ ತಾಗಿದ್ದೋ ಅಂದುಕೊಂಡ. ಚೂರಿಯದಲ್ಲ, ಹಲ್ಲಿನ ಗುರುತು. ಅಪ್ಪನ ಹಲ್ಲು ದೊಡ್ಡವಿದ್ದವು. ಇವು ಸಣ್ಣವು.

ಆಗ ಅವನಿಗೆ ನೆನಪಾಯಿತಂತೆ. ಅಪ್ಪ ಜಗಲಿ ಮೇಲೆ ಕೂತು ಕೈ ಹಿಂದಕ್ಕೆ ಚಾಚುತ್ತಿದ್ದ, ಅವ್ವ ಒಳಗಿನಿಂದ ಬಾಯಲ್ಲಿದ್ದ ನರ ತೆಗೆದು ಆ ಕೈಗೆ ಕೊಡುತ್ತಿದ್ದಳು. ಗರಿಯನ್ನು ತುಟಿಗೆ ತಾಗಿಸಿ ತಾಗಿಸಿ ಎರಡು ಗುಡ್ಡೆ ಮಾಡುತ್ತಿದ್ದಳು. ಹುಟ್ಟಿದಾಗಿನಿಂದ ಕಂಡದ್ದೇ. ಎಲೆಅಡಿಕೆ ಜಗಿದಷ್ಟೇ ಅಂದುಕೊಂಡಿದ್ದರು, ಅದನ್ನೂ ಒಂದು ಕೆಲಸ ಅಂತ ಮೂವರಲ್ಲಿ ಒಬ್ಬನೂ ಎಣಿಸಿರಲಿಲ್ಲ.

ಸೂರ ಕಡ್ಡಿ, ಗರಿ, ನರ ಎಲ್ಲ ಗಂಟು ಕಟ್ಟಿಕೊಂಡು ಗುಡ್ಡ ಹತ್ತಿ ಇಳಿದನಂತೆ. ಗಾದ್ರವ್ವ ತಮ್ಮನ ಮನೆ ಮುಂದೆ ನವಣೆ ಕೇರುತ್ತಿದ್ದಳು. ಯಾವೂರಪ್ಪಾ ನಿಂದು, ಎಲ್ಲೋ ನೋಡಿದಂಗೈತೆ ಅಂದಳಂತೆ. ನಕ್ಕಾಗ ನೋಡಿದ, ಬಾಯಲ್ಲಿ ಮುಂದಿನ ಹಲ್ಲು ಒಂದೂ ಇಲ್ಲ.

ಅವ್ವಾ, ಹಲ್ಲು?

ನರ ಜಗಿದೂ ಜಗಿದೂ ಅಲುಗಾಡ್ತಿದ್ವು, ಈ ಮಳೆಗಾಲಕ್ಕೆ ಉದುರಿದ್ವು. ಅಲ್ಲ ಕಣೋ, ನೀವು ಬುಟ್ಟಿ ಇಳಿಸಿದ ದಿನ ನಾನು ಬಾಯಿ ತೊಳಕೊಂಡು ಬಂದು ಕೂತಿದ್ದೆ. ಮೂರು ಜನ ಮಕ್ಕಳು, ಯಾರು ಮೊದಲು ಕರೀತಾರೋ ಅಂತ.

ಸೂರ ಗಂಟನ್ನು ಅವಳ ಮುಂದೆ ಇಟ್ಟನಂತೆ. ಅವಳು ಗಂಟು ಬಿಚ್ಚಿ ನರದ ಎಳೆ ತೆಗೆದು, ನನ್ನ ಬಾಯಿ ಆಯ್ತು, ಇನ್ನು ನಿನ್ನ ಬಾಯೇ, ಹಾಕ್ಕೋ ಅಂದಳಂತೆ. ನುಂಗಬೇಡ, ಉಗಿಯಬೇಡ, ಮಾತಾಡಬೇಡ. ಎಂಜಲಲ್ಲೇ ಅದು ಹದಕ್ಕೆ ಬರಬೇಕು. ತಪ್ಪಾಯ್ತವ್ವಾ ಅನ್ನಲು ಅವನು ಬಾಯಿ ತೆರೆದನಂತೆ. ಮಾತಾಡಬೇಡ ಅಂದ್ನಲ್ಲ, ನರ ಒಣಗುತ್ತೆ ಅಂದಳಂತೆ. ಅವ್ವ ಮಾತು ಕಮ್ಮಿ ಅಂತ ಹಟ್ಟಿಯೆಲ್ಲ ಆಡಿಕೊಳ್ಳುತ್ತಿತ್ತು. ಯಾಕೆ ಕಮ್ಮಿ ಅಂತ ಅವನಿಗೆ ಅವತ್ತು ತಿಳಿಯಿತಂತೆ. ಕಣ್ಣೀರು ಇಳಿದು ಬಾಯಿಗೆ ಬಂತು, ನರದ ಜೊತೆ ಅದನ್ನೂ ಜಗಿದನಂತೆ.

ಗಾದ್ರವ್ವ ಒಂದೊಂದೇ ಗರಿ ತುಟಿಗೆ ತಾಗಿಸಿ, ಇದು ಎಡ, ಇದು ಬಲ ಅಂತ ಗುಡ್ಡೆ ಮಾಡಿಕೊಟ್ಟಳಂತೆ. ಅವನೂ ತನ್ನ ತುಟಿಗೆ ತಾಗಿಸಿ ನೋಡಿದ. ಎಲ್ಲ ಒಂದೇ ಥರ, ಬರೀ ಮೆತ್ತಗೆ, ಎಡ ಯಾವುದು ಬಲ ಯಾವುದು ತಿಳಿಯಲಿಲ್ಲ.

ಆಮೇಲೆ ದೀಪಾವಳಿ ಅಮಾಸೆಗೆ, ಆ ಗರಿ ಆ ನರದಲ್ಲಿ ಸೂರ ಕಟ್ಟಿದ ಬಾಣ ನೆಟ್ಟಗೆ ಹೋಗಿ ಬಾಳೆಕಂಬದ ನಟ್ಟನಡುವೆ ನಾಟಿತಂತೆ. ಹೊಲ ಉಳಿಯಿತಂತೆ. ಅಣ್ಣತಮ್ಮಂದಿರು ಹತಾರ ಒಟ್ಟುಮಾಡಿ, ಒಂದೇ ಜಗಲಿಯಲ್ಲಿ ಕೂತು, ಜೋಳ ಬೆಳೆದುಕೊಂಡು ಚೆನ್ನಾಗಿ ಬಾಳಿದರಂತೆ. ಗರಿ ಕೂಡಿದಾಗಲೆಲ್ಲ ಸೂರ ಗಂಟು ಹೊತ್ತು ಗುಡ್ಡ ದಾಟುತ್ತಿದ್ದನಂತೆ.

ಅವ್ವಾ, ಮನೆಗೆ ಬಾರವ್ವ ಅನ್ನುತ್ತಿದ್ದನಂತೆ.

ಮೊದಲು ಗರಿ ಕೊಡು ಅನ್ನುತ್ತಿದ್ದಳಂತೆ.

ಅಲ್ಲಿಗೆ ಕತೆ ಕಡೆ ಮುಟ್ಟಿತು, ಹೊನ್ನೂರವ್ವ ಕಂಬಳಿ ಹೊದಿಸಿದರು. ಓದಿದವರು ದಯಮಾಡಿ ಇದನ್ನು ಮಲಗುವ ಮಕ್ಕಳಿಗೆ ಹೇಳಿ, ಅವರು ದೊಡ್ಡವರಾದ ಮೇಲೆ ಇನ್ನೊಬ್ಬರಿಗೆ ಹೇಳುವಂತೆ ಹೇಳಿ.