ಸೌಟಿನಲ್ಲಿ ಅರಿಸಿನ ಹಚ್ಚಹೋದ ರಾಣಿಯ ಕಥೆ

ಕೆನ್ನೆಗೌರಿಯನ್ನು ಕಲಶದಲ್ಲಿ ಕೂರಿಸಿ, ದೀಪದ ಬತ್ತಿ ಏರಿಸಿ, ಕೈಯಲ್ಲಿ ಅಕ್ಷತೆ ಹಿಡಿದು, ಹರಟೆ ನಿಲ್ಲಿಸಿ ಕೇಳುವಂಥವರಾಗಿ.

ಕುಂಭಿನಗರವೆಂಬ ಪಟ್ಟಣದಲ್ಲಿ ಧೀರಸೇನನೆಂಬ ಅರಸನಿಗೆ ಹೇಮರೇಖೆಯೆಂಬ ರಾಣಿ. ರೂಪವತಿ, ಅದು ಅವಳಿಗೆ ಚೆನ್ನಾಗಿ ಗೊತ್ತೂ ಇತ್ತು. ವರ್ಷವರ್ಷವೂ ಕೆನ್ನೆಗೌರಿಯ ವ್ರತ ಹಿಡಿದು, ಊರ ಹೆಂಗಸರ ಕೆನ್ನೆಗೆ ಅರಿಸಿನ ಹಚ್ಚಿ, ಅವರಿಂದ ತಾನೂ ಹಚ್ಚಿಸಿಕೊಳ್ಳುತ್ತಿದ್ದಳು. ಈ ವ್ರತದಲ್ಲಿ ತನಗೆ ತಾನೇ ಹಚ್ಚಿಕೊಂಡರೆ ಫಲವಿಲ್ಲ.

ಹೀಗಿರಲು ಒಂದು ವರ್ಷ ರಾಣಿಯ ಕೆನ್ನೆಯಲ್ಲಿ ಹುರಿಗಡಲೆಯಷ್ಟು ಬಿಳಿಯ ಮಚ್ಚೆ ಮೂಡಿ, ನೋಡುನೋಡುತ್ತ ವೀಳ್ಯದೆಲೆಯಷ್ಟು ಹರಡಿತು. ವೈದ್ಯರು ಮದ್ದಿನ ಬೀಜ ಅರೆದು ಹಚ್ಚಿದರೆ ಉರಿ ಹೆಚ್ಚಿತೇ ಹೊರತು ಮಚ್ಚೆ ಅಲುಗಲಿಲ್ಲ. ಇದು ಅಂಟುರೋಗವಲ್ಲವೆಂದು ಅವರು ಹೇಳಿದ್ದು ರಾಣಿಯ ಕಿವಿಗೆ ಬೀಳಲೇ ಇಲ್ಲ. ಕನ್ನಡಿಗಳನ್ನೆಲ್ಲ ಬಾವಿಗೆ ಹಾಕಿಸಿ, ಮುಖ ಕಂಡೀತೆಂದು ತಾಮ್ರದ ಕೊಡ ಬೆಳಗುವುದನ್ನೂ ನಿಲ್ಲಿಸಿ, ವ್ರತ ಬಿಟ್ಟು ಪರದೆಯ ಹಿಂದೆ ಸೇರಿದಳು. ಕನ್ನಡಿಯಿಲ್ಲದೆ ಮೀಸೆ ಕತ್ತರಿಸಿಕೊಳ್ಳಹೋದ ಅರಸನು ಒಂದು ಕಡೆಯದನ್ನು ಪೂರ್ತಿ ಕಳೆದುಕೊಂಡನು. ಅಂಗಳದಲ್ಲಿ ಯಾರಾದರೂ ನಕ್ಕರೆ ತನ್ನನ್ನೇ ನೆನೆದು ನಕ್ಕರೆಂದು ರಾಣಿ ಅಳುವಳು. ನಗದಿದ್ದರೆ ಮರುಗುತ್ತಿದ್ದಾರೆಂದು ಅಳುವಳು.

ಮೂರು ವರ್ಷ ಕಳೆದು ಮಗಳು ಚಂದ್ರಮಾಲೆಗೆ ಮದುವೆ ಕೂಡಿಬಂತು. ತಾಯಿಯೇ ಮೊದಲ ಅರಿಸಿನ ಹಚ್ಚಬೇಕು, ಮಗಳು ತಿರುಗಿ ತಾಯಿಗೆ ಹಚ್ಚಬೇಕು. ರಾಣಿಯು ಯೋಚಿಸಿ ಯೋಚಿಸಿ, ಪಾಯಸದ ಉದ್ದ ಸೌಟಿಗೆ ಅರಿಸಿನ ಮೆತ್ತಿ ಪರದೆಯ ಸಂದಿನಿಂದ ಚಾಚಿದಳು. ಮೊದಲು ಪುರೋಹಿತರ ಬೋಳುತಲೆಗೆ ತಗುಲಿತು, ಆಮೇಲೆ ಮಗಳ ಮೂಗಿಗೆ ಬಡಿಯಿತು. ಅಮ್ಮನ ಕೈ ತಾಗದೆ ಹಸೆ ಏರುವುದಿಲ್ಲವೆಂದು ಮಗಳು ಅಳುತ್ತ ಕೂತುಬಿಟ್ಟಳು. ಮುಹೂರ್ತ ಜಾರತೊಡಗಿತು.

ಆಗ ಕೆನ್ನೆಗೌರಿಯು ಮುದುಕಿಯ ವೇಷದಲ್ಲಿ ಪರದೆಯೊಳಗೆ ನುಗ್ಗಿದಳು. ರಾಣಿ ಸೆರಗಿನಿಂದ ಮುಚ್ಚಿಕೊಂಡು, "ಜನಕ್ಕೆ ತೋರಿಸೋಕೆ ನಂಗೆ ಮುಖ ಇಲ್ಲ ಅಜ್ಜಿ" ಎಂದಳು.

"ಮುಖ ಇಲ್ದೋಳು ಬೆಳಿಗ್ಗೆಯಿಂದ ಆರು ಹೋಳಿಗೆ ಎಲ್ಲಿಗೆ ಹಾಕ್ಕೊಂಡೆ ತಾಯಿ? ಮಚ್ಚೆ ಕೊಟ್ಟೋಳು ನಾನಲ್ಲ, ತೆಗೆಯೋಕೂ ಬಂದಿಲ್ಲ. ಮಗಳು ಕಾಯ್ತಿದಾಳೆ, ಏಳು."

ಮೂರು ವರ್ಷದ ಮೇಲೆ ರಾಣಿಗೆ ನಗು ಬಂತು. ನಗುತ್ತ ಅಳುತ್ತ ಹೊರಗೆ ಬಂದಳು. ಜನ ನೋಡಲಿಲ್ಲವೆಂದರೆ ಸುಳ್ಳಾದೀತು. ಕತ್ತು ಉದ್ದ ಮಾಡಿ ನೋಡಿದರು. ಅಷ್ಟರಲ್ಲಿ ಬೀಗಿತ್ತಿಯ ಸೀರೆ ಕಣ್ಣಿಗೆ ಬಿದ್ದು, ಅದನ್ನು ನೋಡತೊಡಗಿದರು. ತಾಯಿ ಬರಿಗೈಯಿಂದ ಮಗಳಿಗೆ ಹಚ್ಚಿದಳು. ಮಗಳು ಮಚ್ಚೆಯ ಮೇಲೇ ಮೊದಲು ಹಚ್ಚಿದಳು. ಮೂರು ವರ್ಷದಿಂದ ಯಾರೂ ಮುಟ್ಟದ ಕೆನ್ನೆ. ತಾಯಿಯ ಸಂತೋಷಕ್ಕೆ ಮೇರೆಯೇ ಇರಲಿಲ್ಲ.

ಮಚ್ಚೆ ಹೋಗಲಿಲ್ಲ, ಇನ್ನೆರಡು ಮೂಡಿದವು. ರಾಣಿಯು ವರ್ಷವೂ ತಪ್ಪದೆ ವ್ರತ ಮಾಡುತ್ತ, ಮಗಳ ಬಾಣಂತನ ನೋಡಿ, ಮೊಮ್ಮಕ್ಕಳೊಡನೆ ಕುಂಟಾಬಿಲ್ಲೆ ಆಡಿ ಸುಖವಾಗಿದ್ದಳು.

ಈ ಕಥೆ ಹೇಳಿದವರ, ಕೇಳಿದವರ ಮನೆಯಲ್ಲಿ ಯಾರೂ ಮುಖ ಮರೆಸಿ ಬಾಳದಿರಲಿ. ಈಗ ಅಕ್ಷತೆ ಹಾಕಿ, ಪಕ್ಕದವರ ಕೆನ್ನೆಗೆ ಅರಿಸಿನ ಹಚ್ಚಿ. ಬಾಗಿಲ ಮರೆಯಲ್ಲಿ ನಿಂತವಳನ್ನು ಮೊದಲು ಕರೆಯಿರಿ.