ಕಣಜ ಹೊಕ್ಕ ಸೀಸೆ

“ಗುರುಗಳೇ, ನಾಲ್ಕು ಜನ ನಂಬಿದ ಮನುಷ್ಯನೊಬ್ಬ ಇದ್ದಾನೆ ಎನ್ನಿ. ತಾನು ಹೇಳಿಕೊಂಡು ಬಂದದ್ದು ತಪ್ಪು ಎಂದು ಅವನಿಗೇ ಗೊತ್ತಾದರೆ, ಮಾನ ಉಳಿಸಿಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಇಬ್ಬರೂ ನಡೆದು ದಣಿದು ದಾರಿಬದಿಯ ಚಪ್ಪಡಿಯ ಮೇಲೆ ಕೂತಿದ್ದರು. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವಿಜ್ಞಾನಿ ಇದ್ದಳು. ರಕ್ತದ ಕಣಗಳು ಹೇಗೆ ಹುಟ್ಟುತ್ತವೆ, ಮೈಯೊಳಗೆ ನುಗ್ಗಿದ ವೈರಿಯನ್ನು ಹೇಗೆ ಹಿಡಿಯುತ್ತವೆ ಎಂಬುದು ಅವಳ ವಿದ್ಯೆ. ಅದಕ್ಕಾಗಿ ಅವಳು ಹಣ್ಣಿನ ನೊಣ ಸಾಕಿದಳು. ಬಾಳೆಹಣ್ಣು ಕಳಿತರೆ ಮುತ್ತಿಕೊಳ್ಳುತ್ತದಲ್ಲ, ಅದೇ. ಆ ನೊಣದ ಮರಿಹುಳುವಿನಲ್ಲಿ ರಕ್ತದ ತಾಯಿಕಣಗಳು ಏನೂ ಆಗದೆ ಸುಮ್ಮನೆ ಕೂತಿರುತ್ತವೆ. ಎಳ್ಳಿಗಿಂತ ಸಣ್ಣ ಕಣಜವೊಂದು ಬಂದು ಹುಳುವಿನೊಳಗೆ ಮೊಟ್ಟೆ ಚುಚ್ಚಿಟ್ಟಿತೋ, ಆಗ ಏಳುತ್ತವೆ. ಚಪ್ಪಟೆಯಾಗಿ ಹರಡಿ, ಮೊಟ್ಟೆಯನ್ನು ಪದರ ಪದರವಾಗಿ ಸುತ್ತಿ, ಉಸಿರುಗಟ್ಟಿಸಿ ಕೊಲ್ಲುತ್ತವೆ. ವೈರಿ ಬಾರದ ಹುಳುವಿನಲ್ಲಿ ಈ ಚಪ್ಪಟೆ ಕಣಗಳು ಹುಡುಕಿದರೂ ಸಿಗುವುದಿಲ್ಲ.

ಅವಳಲ್ಲಿ ಒಂದು ತಳಿಯ ನೊಣ ಇತ್ತು. ಒಂದು ವಂಶವಾಹಿಯನ್ನು ತೆಗೆದುಹಾಕಿದ ತಳಿ. ಅದರ ಹುಳುಗಳ ರಕ್ತದಲ್ಲಿ ವೈರಿ ಇಲ್ಲದೆಯೇ ಚಪ್ಪಟೆ ಕಣಗಳು ಕಂಡವು. ಹಾಗಾದರೆ ತಾಯಿಕಣಗಳನ್ನು ತಡೆದು ಕೂರಿಸುವುದು ಆ ವಂಶವಾಹಿಯೇ ಎಂದು ಅವಳು ಬರೆದಳು. ಆರು ವರ್ಷದ ದುಡಿಮೆ. ದೊಡ್ಡ ದೊಡ್ಡವರು ತಲೆದೂಗಿದರು. ಮೂರು ತಿಂಗಳ ನಂತರ ಒಂದು ಸಭೆ, ಅಲ್ಲಿ ಅವಳ ಭಾಷಣ, ಅವಳಿಗೆ ಸನ್ಮಾನ ಎಂದು ಗೊತ್ತುಮಾಡಿದರು.

ನೊಣ ಸಾಕುವವರದು ಒಂದು ಪದ್ಧತಿ. ಜೋಳದ ಹಿಟ್ಟು, ಬೆಲ್ಲ ಬೇಯಿಸಿ ಸೀಸೆಯ ತಳಕ್ಕೆ ಹಾಕುತ್ತಾರೆ. ಎರಡು ವಾರಕ್ಕೊಮ್ಮೆ ನೊಣಗಳನ್ನು ಹೊಸ ಸೀಸೆಗೆ ದಾಟಿಸಿ ಹಳೆಯದನ್ನು ತೊಳೆಯಲು ಕೊಡುತ್ತಾರೆ. ಆ ಸಲ ಸೀಸೆ ತೊಳೆಯುವ ಹೆಂಗಸು ಮಗಳ ಬಾಣಂತನಕ್ಕೆ ಹೋಗಿದ್ದಳು. ಹಳೆಯ ಸೀಸೆಗಳು ಒಂದು ತಿಂಗಳು ಮೂಲೆಯಲ್ಲೇ ಉಳಿದವು. ತಿರುಗಿ ಬಂದವಳು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಅಮ್ಮಾವ್ರೆ, ನಾನಿಲ್ದಾಗ ಇವಕ್ಕೆ ಊಟ ಹಾಕ್ಲಿಲ್ವಾ? ನಡು ಸಣ್ಣ ಮಾಡ್ಕೊಂಡು ಕೂತವೆ.”

“ನೊಣಕ್ಕೆ ಎಲ್ಲಿಯ ನಡು? ಬಂದ ದಿನವೇ ಶುರು ಮಾಡಿದೆಯಾ?” ಎಂದು ನಗುತ್ತ ಬಂದ ವಿಜ್ಞಾನಿ ಸೀಸೆ ನೋಡಿ ನಿಂತುಬಿಟ್ಟಳು.

ಒಳಗಿದ್ದವು ನೊಣಗಳಲ್ಲ, ಕಣಜಗಳು. ಪ್ರಯೋಗಕ್ಕೆಂದು ಪಕ್ಕದ ಕೋಣೆಯಲ್ಲಿ ಸಾಕಿದ್ದವು. ಮೊದಲಿನಿಂದಲೂ ತಪ್ಪಿಸಿಕೊಂಡು, ಬಾಗಿಲಿಗೆ ಹತ್ತಿರದ ಕಪಾಟಿನಲ್ಲಿದ್ದ ಈ ತಳಿಯ ಸೀಸೆಗಳಿಗೆ ನುಗ್ಗುತ್ತಿದ್ದವು. ಸಾಯದೆ ಉಳಿದ ಮೊಟ್ಟೆಯಿಂದ ಕಣಜ ಹೊರಬೀಳಲು ಮೂರು ವಾರ ಬೇಕು. ಅಷ್ಟರಲ್ಲಿ ಸೀಸೆ ತೊಳೆದು ಆಗಿರುತ್ತಿತ್ತು. ಹುಳುವನ್ನು ಸೀಳಿ, ಒಂದು ಹನಿ ರಕ್ತ ಗಾಜಿನ ಮೇಲೆ ಇಳಿಸಿಕೊಂಡು, ತೊಗಲು ಎಸೆಯುವುದು ಅವಳ ರೂಢಿ. ವೈರಿಯ ಮೊಟ್ಟೆ ಆ ತೊಗಲಿನ ಜೊತೆಗೇ ಹೋಗುತ್ತಿತ್ತು. ಆರು ವರ್ಷ ಅವಳು ರಕ್ತ ನೋಡಿದ್ದಳು, ಹುಳುವನ್ನು ನೋಡಿರಲಿಲ್ಲ.

ಅವಳು ತಳಿಯನ್ನು ಬೇರೆ ಕಟ್ಟಡಕ್ಕೆ ಸಾಗಿಸಿದಳು. ಸೀಸೆಯ ಬಾಯಿಗೆ ಹತ್ತಿ ಬಿಗಿದು ಹೊಸ ಹುಳುಗಳನ್ನು ಬೆಳೆಸಿದಳು. ಒಂದೂ ಚಪ್ಪಟೆ ಕಣ ಕಾಣಲಿಲ್ಲ. ಮತ್ತೆರಡು ಸಲ ಬೆಳೆಸಿ ನೋಡಿದಳು. ಇಲ್ಲವೇ ಇಲ್ಲ. ಯಾರೂ ನೋಡಿಲ್ಲವಲ್ಲ, ಸನ್ಮಾನ ಮುಗಿಯಲಿ, ಆಮೇಲೆ ಮೆಲ್ಲಗೆ ತಿದ್ದಿದರಾಯಿತು ಎಂದು ಹಿತೈಷಿಯೊಬ್ಬ ಕಿವಿಯಲ್ಲಿ ಹೇಳಿದ. ಅವಳಿಗೂ ಒಂದು ಗಳಿಗೆ ಅದು ಸರಿ ಎನ್ನಿಸಿತು. ಆದರೆ ಆ ಕಣಜದ ಜಾಡು ಹಿಡಿದು ಕೊನೆಯವರೆಗೂ ಹೋದದ್ದು ತನ್ನದೇ ಕೈ. ತನ್ನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಅವಳು ಬೇರೆ ಮಾಡಿರಲಿಲ್ಲ. ಅದನ್ನು ಮುಚ್ಚಿಡಲು ಅವಳಿಗೆ ಮನಸ್ಸು ಬರಲಿಲ್ಲ.

ಸಭೆಯ ದಿನ ಒಳ್ಳೆಯ ಸೀರೆ ಉಟ್ಟು ಬಂದಳು. ಪರದೆಯ ಮೇಲೆ ಕಣಜದ ಚಿತ್ರ ಹಾಕಿದಳು. ಬಾಗಿಲು, ಕಪಾಟು, ಎಸೆದ ತೊಗಲು, ಒಂದನ್ನೂ ಬಿಡದೆ ಹೇಳಿದಳು. ಮೊದಲು ಕಂಡವಳು ನಮ್ಮ ಸೀಸೆ ತೊಳೆಯುವಾಕೆ ಎಂದಳು. ಮುಂದಿನ ಸಾಲಿನಲ್ಲಿದ್ದ ಪಂಡಿತ ಮೀಸೆಯಲ್ಲೇ ನಕ್ಕ.

“ಅಲ್ಲಿಗೆ, ತಾಯಿಕಣಗಳನ್ನು ತಡೆಯುವುದು ಯಾವುದೆಂದು ತಮಗೆ ಗೊತ್ತಿಲ್ಲ ಎಂದಾಯಿತು?”

“ಗೊತ್ತಿಲ್ಲ. ಆದರೆ ಅದು ಈ ವಂಶವಾಹಿ ಅಲ್ಲ ಎಂಬುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿ ಯಾರೂ ಇಲ್ಲ” ಎಂದಳು. ಅವಳ ದನಿ ಇಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಸನ್ಮಾನ ಮಾಡಿದರೇ?” ಎಂದು ಶಿಷ್ಯ ಕೇಳಿದ.

“ಇಲ್ಲ. ತಂದಿದ್ದ ಶಾಲು ಮಡಿಕೆ ಬಿಚ್ಚದೆ ವಾಪಸು ಹೋಯಿತು.”

ಶಿಷ್ಯ ನೆಲ ನೋಡುತ್ತ ಕೂತ. ಗುರುಗಳು ಎದ್ದು ಪಂಚೆ ಕೊಡವಿಕೊಂಡರು.

“ಅದಿರಲಿ, ನಿನ್ನ ಸಭೆ ಯಾವತ್ತು?”